ಆಡದ ಆಟಗಳ ಓದು: ಮುದ್ರಿತ ವಿಡಿಯೋ ಆಟದ ಪತ್ರಿಕೆಗಳ ಹಳಹಳಿಕೆ

1

ಕಳೆದುಹೋದ ಕಾಲದ ಬಗೆಗಿನ ಹಂಬಲವನ್ನು ಕನ್ನಡದಲ್ಲಿ ‘ಹಳಹಳಿಕೆ’ ಎಂದು ಕರೆಯುವ ರೂಢಿಯಿದೆ. ಈ ಪದವನ್ನು ಉಚ್ಚರಿಸುವಾಗ ‘ಹಳೆ’ ಎಂಬುದು ಎರಡು ಬಾರಿ ಕೇಳಿಸಿದಂತಾಗುತ್ತದೆ. ಇದು ವ್ಯುತ್ಪತ್ತಿಯ ಮಾತಲ್ಲ, ಕಿವಿಯ ಅನುಭವ. ಪಶ್ಚಿಮದಲ್ಲಿ ಇದಕ್ಕೆ ಸಂವಾದಿಯಾಗಿ ಬಳಕೆಯಲ್ಲಿರುವ ‘ನಾಸ್ಟಾಲ್ಜಿಯ’ ಎಂಬ ಪದ ಹುಟ್ಟಿದ್ದು 1688ರಲ್ಲಿ, ಒಂದು ವೈದ್ಯಕೀಯ ಪ್ರಬಂಧದಲ್ಲಿ. ಯೊಹಾನೆಸ್ ಹೋಫರ್ ಎಂಬ ವಿದ್ಯಾರ್ಥಿ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಆ ಪ್ರಬಂಧದಲ್ಲಿ, ಮನೆಯಿಂದ ದೂರವಿದ್ದವರ ಬಳಲಿಕೆಯನ್ನು ಒಂದು ರೋಗವೆಂದು ಗುರುತಿಸಿ, ‘ಮನೆಗೆ ಮರಳುವುದು’ ಮತ್ತು ‘ನೋವು’ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಅದಕ್ಕೆ ಹೆಸರಿಟ್ಟನು. ಅಂದರೆ ಮೂಲದಲ್ಲಿ ಇದು ಸ್ಥಳಕ್ಕೆ ಸಂಬಂಧಿಸಿದ ಕಾಯಿಲೆ; ಕಾಲಕ್ಕೆ ಸಂಬಂಧಿಸಿದ ಭಾವವಾಗಿ ಬದಲಾದದ್ದು ಆನಂತರದ ಬೆಳವಣಿಗೆ. ಬಿಟ್ಟುಬಂದ ಊರಿಗೆ ಮರಳಬಹುದು, ಕಳೆದುಹೋದ ಕಾಲಕ್ಕೆ ಮರಳಲಾಗದು. ಆದ್ದರಿಂದಲೇ ಕಾಲದ ಹಳಹಳಿಕೆ ಕೈಗೆ ಸಿಗುವ ವಸ್ತುಗಳನ್ನು ಆಶ್ರಯಿಸುತ್ತದೆ. ಹಳೆಯ ರೇಡಿಯೋ, ಹಳೆಯ ಛಾಯಾಚಿತ್ರ, ಹಳೆಯ ಪತ್ರಿಕೆಯ ಬೆನ್ನು ಹರಿದ ಸಂಚಿಕೆ ಹೀಗೆ ಅದು ಒಂದು ನೆಲೆಯನ್ನು ಹುಡುಕಿಕೊಳ್ಳುತ್ತದೆ.

ಇಂತಹ ವಸ್ತುಗಳ ಸಾಲಿಗೆ ಸೇರಿಕೊಂಡಿರುವುದು ವಿಡಿಯೋ ಆಟಗಳ ಮುದ್ರಿತ ಪತ್ರಿಕೆಗಳು. 1980 ಮತ್ತು 1990ರ ದಶಕಗಳಲ್ಲಿ ಬ್ರಿಟನ್, ಅಮೆರಿಕ ಮತ್ತು ಜಪಾನುಗಳಲ್ಲಿ ಬೆಳೆದ ಒಂದು ತಲೆಮಾರು, ನಡುವಯಸ್ಸಿಗೆ ಬಂದ ಮೇಲೆ, ಬಾಲ್ಯದಲ್ಲಿ ಓದಿದ ಸಂಚಿಕೆಗಳನ್ನು ಅಟ್ಟದಿಂದ ಇಳಿಸಿ ಧೂಳು ಕೊಡವಿ ನೋಡುತ್ತಿದೆ. ಎಂದೋ ರದ್ದಿಗೆ ಹಾಕಿದವರು ಈಗ ಹಣ ಕೊಟ್ಟು ಮತ್ತೆ ಕೊಳ್ಳುತ್ತಿದ್ದಾರೆ. ಹೊರಗಿನವರಿಗೆ ಇದು ಸೋಜಿಗವಾಗಿ ಕಾಣುವುದು ಸಹಜ. ಆ ಕಾಲದ ಪ್ರಸಿದ್ಧ ಆಟಗಳು ಇಂದು ಸಣ್ಣದೊಂದು ಯಂತ್ರದಲ್ಲಿ ನೂರಾರು ಸಂಖ್ಯೆಯಲ್ಲಿ ಅಡಕವಾಗಬಲ್ಲವು. ಆಟವೊಂದರ ಬಗ್ಗೆ ಬೇಕಾದ ಮಾಹಿತಿ ಕ್ಷಣಮಾತ್ರದಲ್ಲಿ ದೊರಕುತ್ತದೆ. ಆಟವೂ ಉಳಿದು ಮಾಹಿತಿಯೂ ಹೆಚ್ಚಿರುವಾಗ, ಆ ಓದುಗ ಕಳೆದುಕೊಂಡದ್ದಾದರೂ ಏನು? ಈ ಪ್ರಶ್ನೆಯನ್ನು ಬೆನ್ನಟ್ಟಿದರೆ ಆಟಗಳಿಗಿಂತ ಹೆಚ್ಚಾಗಿ ಓದಿನ ಸ್ವರೂಪದ ಬಗೆಗೇ ಕೆಲವು ಸಂಗತಿಗಳು ತಿಳಿದುಬರುತ್ತವೆ. ಆ ಪತ್ರಿಕೆಗಳ ಓದುಗ ತಾನು ಓದಿದ ಆಟಗಳಲ್ಲಿ ಬಹುಪಾಲನ್ನು ಎಂದೂ ಆಡಲಿಲ್ಲ. ಓದಿನಲ್ಲಿಯೇ ಆ ಆಟಗಳು ನಡೆದವು, ಓದಿನಲ್ಲಿಯೇ ಮುಗಿದವು. ಹಳಹಳಿಕೆಯ ಬೇರು ಇರುವುದು ಇಲ್ಲಿ.

2

ಈ ಬಗೆಯ ಪತ್ರಿಕೆಗಳ ಚರಿತ್ರೆಯಲ್ಲಿ 1981 ಒಂದು ಗುರುತಿನ ವರ್ಷ. ಆ ವರ್ಷದ ನವೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ‘ಕಂಪ್ಯೂಟರ್ ಅಂಡ್ ವಿಡಿಯೋ ಗೇಮ್ಸ್’ ಪತ್ರಿಕೆ ಆರಂಭವಾಯಿತು. ಅದೇ ಚಳಿಗಾಲದಲ್ಲಿ ಅಮೆರಿಕದಲ್ಲಿ ಬಿಲ್ ಕುಂಕೆಲ್, ಆರ್ನಿ ಕಾಟ್ಜ್ ಮತ್ತು ಜಾಯ್ಸ್ ವೋರ್ಲಿ ಕೂಡಿ ‘ಎಲೆಕ್ಟ್ರಾನಿಕ್ ಗೇಮ್ಸ್’ ಎಂಬ ಪತ್ರಿಕೆಯನ್ನು ಹೊರತಂದರು. ಈ ಮೂವರೂ ವೈಜ್ಞಾನಿಕ ಕಥಾಸಾಹಿತ್ಯದ ಅಭಿಮಾನಿ ವಲಯದಿಂದ ಬಂದವರೆಂಬುದು ಗಮನಾರ್ಹ. ತಾವೇ ಬರೆದು, ತಾವೇ ಅಚ್ಚುಹಾಕಿ, ತಮ್ಮಂಥವರಿಗೆ ಹಂಚುವ ಅಭಿಮಾನಿ ಪತ್ರಿಕೆಗಳ ಸಂಸ್ಕಾರ ಅವರಿಗಿತ್ತು. ಆಟವನ್ನು ಮಾರಾಟದ ಸರಕಾಗಿ ಮಾತ್ರ ನೋಡದೆ ಚರ್ಚೆಗೆ ಯೋಗ್ಯವಾದ ಕೃತಿಯೆಂದು ನೋಡುವ ದೃಷ್ಟಿ ಈ ಹಿನ್ನೆಲೆಯಿಂದ ಬಂದಿತು. ಜಪಾನಿನಲ್ಲಿ ಮುಂದೆ ‘ಫಾಮಿಟ್ಸು’ ಎಂದು ಪ್ರಸಿದ್ಧವಾದ ಪತ್ರಿಕೆ 1986ರ ಜೂನ್‌ನಲ್ಲಿ ಕಾಣಿಸಿಕೊಂಡಿತು.

ಆದರೆ ಈ ಪತ್ರಿಕೆಗಳ ಒಳಜೀವವನ್ನು ಅರಿಯಲು ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತದ ಲಡ್ಲೋ ಎಂಬ ಪುಟ್ಟ ಊರನ್ನು ನೋಡಬೇಕು. ಹಳೆಯ ಕೋಟೆ ಮತ್ತು ಸಂತೆಗಳಿಗೆ ಹೆಸರಾದ ಈ ಊರಿನಲ್ಲಿ ರೋಜರ್ ಕೀನ್, ಸ್ವಿಟ್ಜರ್ಲೆಂಡ್ ಮೂಲದ ಚಿತ್ರಕಾರ ಆಲಿವರ್ ಫ್ರೇ ಮತ್ತು ಆತನ ಸೋದರ ಫ್ರಾಂಕೊ ಫ್ರೇ ಕೂಡಿ ನ್ಯೂಸ್‌ಫೀಲ್ಡ್ ಎಂಬ ಸಂಸ್ಥೆಯನ್ನು ಕಟ್ಟಿದರು. ಮೊದಲಿಗೆ ಅವರದು ಅಂಚೆಯ ಮೂಲಕ ಆಟಗಳ ಕ್ಯಾಸೆಟ್ ಮಾರುವ ವ್ಯವಹಾರ. ಮಾರಾಟದ ಪಟ್ಟಿಗೆಂದು ಬರೆದ ಟಿಪ್ಪಣಿಗಳೇ ಬೆಳೆದು 1984ರ ಫೆಬ್ರುವರಿಯಲ್ಲಿ ‘ಕ್ರ್ಯಾಷ್’ ಎಂಬ ಮಾಸಪತ್ರಿಕೆಯಾಯಿತು. 1982ರಲ್ಲಿ ಮಾರುಕಟ್ಟೆಗೆ ಬಂದಿದ್ದ ಅಗ್ಗದ ಗಣಕಯಂತ್ರವಾದ ಜೆಡ್‌ಎಕ್ಸ್ ಸ್ಪೆಕ್ಟ್ರಮ್‌ನ ಆಟಗಳೇ ಅದರ ವಸ್ತು. ವಿಮರ್ಶೆ ಮಾಡಲು ಪತ್ರಿಕೆಯವರು ಆರಿಸಿಕೊಂಡದ್ದು ಊರಿನ ಶಾಲೆಯ ವಿದ್ಯಾರ್ಥಿಗಳನ್ನು. ಪ್ರತಿ ಆಟದ ಬಗೆಗೂ ಮೂವರ ಅಭಿಪ್ರಾಯ ಬೇರೆಬೇರೆಯಾಗಿ ಅಚ್ಚಾಗುತ್ತಿತ್ತು. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ಅದೇ ಪುಟದಲ್ಲಿ ಅಲ್ಲಗಳೆಯಬಹುದಿತ್ತು. 1986ರ ಹೊತ್ತಿಗೆ ಪತ್ರಿಕೆಯ ಮಾಸಿಕ ಪ್ರಸಾರ 1 ಲಕ್ಷವನ್ನು ದಾಟಿತ್ತು. ರಾಜಧಾನಿಯಿಂದ ದೂರದ ಊರೊಂದು ಹೀಗೆ ಒಂದು ಓದುಗ ಸಮುದಾಯಕ್ಕೆ ಕೇಂದ್ರವಾಗುವ ಬಗೆ ಕನ್ನಡದ ಸಾಹಿತ್ಯ ಪತ್ರಿಕೆಗಳ ಚರಿತ್ರೆಯನ್ನು ಬಲ್ಲವರಿಗೆ ಅಪರಿಚಿತವಲ್ಲ.

ಈ ಸಮುದಾಯದ ಹೃದಯಸ್ಥಾನವಾಗಿದ್ದದ್ದು ಓದುಗರ ಪತ್ರಗಳ ಪುಟ. ‘ಕ್ರ್ಯಾಷ್’ನಲ್ಲಿ ಪತ್ರಗಳಿಗೆ ಉತ್ತರಿಸುತ್ತಿದ್ದವನು ಲಾಯ್ಡ್ ಮ್ಯಾಂಗ್ರಮ್ ಎಂಬಾತ. ಸಾವಿರಾರು ಹುಡುಗರು ಅವನಿಗೆ ತಮ್ಮ ಆಕ್ಷೇಪ, ಹೆಮ್ಮೆ, ಜಗಳಗಳನ್ನು ಬರೆದು ಕಳುಹಿಸಿದರು. ವಾಸ್ತವದಲ್ಲಿ ಆ ಹೆಸರಿನ ವ್ಯಕ್ತಿಯೇ ಇರಲಿಲ್ಲ. ಅದು ಸಂಪಾದಕ ಬಳಗ ಬಳಸುತ್ತಿದ್ದ ಒಂದು ಕಾವ್ಯನಾಮವಾಗಿತ್ತು. ಇದು ವಂಚನೆಯೆಂದು ಓದುಗರು ಭಾವಿಸಿದಂತೆ ಕಾಣುವುದಿಲ್ಲ. ಸುದ್ದಿಯನ್ನು ತಲುಪಿಸುವುದಕ್ಕಿಂತ ಹೆಚ್ಚಾಗಿ ತಿಂಗಳಿಗೊಮ್ಮೆ ಮನೆಗೆ ಬರುವ ಒಂದು ಧ್ವನಿಯನ್ನು ಕಟ್ಟುವುದು ಪತ್ರಿಕೆಯ ಕೆಲಸವೆಂಬುದನ್ನು ಬರೆಯುವವರೂ ಓದುವವರೂ ಸಮಾನವಾಗಿ ಒಪ್ಪಿಕೊಂಡಿದ್ದರು. ಹಳೆಯ ಓದುಗರು ಇಂದು ನೆನೆಯುವುದು ಆ ಧ್ವನಿಯನ್ನು.

3

ಅಂದಿನ ಓದುಗನ ಪರಿಸ್ಥಿತಿಯ ಲೆಕ್ಕಾಚಾರ ಸರಳವಾಗಿತ್ತು. ಶಾಲೆಗೆ ಹೋಗುವ ಹುಡುಗನ ಕೈಖರ್ಚಿನ ಹಣದಲ್ಲಿ ವರ್ಷಕ್ಕೆ ಕೆಲವೇ ಆಟಗಳನ್ನು ಕೊಳ್ಳಬಹುದಿತ್ತು. ಪತ್ರಿಕೆಯ ಒಂದೊಂದು ಸಂಚಿಕೆಯಲ್ಲಿಯೂ ಹತ್ತಾರು ಆಟಗಳ ವಿಮರ್ಶೆ ಇರುತ್ತಿತ್ತು. ಒಂದು ಆಟದ ಬೆಲೆಯ ಒಂದು ಅಲ್ಪಭಾಗದಲ್ಲಿ ಪತ್ರಿಕೆ ದೊರಕುತ್ತಿತ್ತು. ಅದನ್ನು ಗೆಳೆಯನಿಂದ ಎರವಲು ಪಡೆಯಲೂಬಹುದಿತ್ತು. ಹೀಗಾಗಿ ಕೊಳ್ಳಲಾಗದ ಆಟಗಳನ್ನು ಅವನು ಓದಿದನು. ಓದುವಾಗ ಅವನ ಮುಂದೆ ಇದ್ದದ್ದು ವಿಮರ್ಶಕನ ಮಾತು ಮತ್ತು ಅಂಗೈಯಗಲದ ಎರಡು ಮೂರು ಚಿತ್ರಗಳು. ಆ ಚಿತ್ರಗಳನ್ನಾದರೂ ಕತ್ತಲೆ ಮಾಡಿದ ಕೋಣೆಯಲ್ಲಿ ಪರದೆಯ ಎದುರು ಕ್ಯಾಮೆರಾ ಇಟ್ಟು ತೆಗೆಯಬೇಕಾಗಿತ್ತು. ಪರದೆಯ ಅಂಚು ಬಾಗಿ, ಬಣ್ಣ ಮಸುಕಾಗಿ ಅವು ಅಚ್ಚಾಗುತ್ತಿದ್ದವು. ಆಟದ ಪ್ರಾಣವಾದ ಚಲನೆ ಅವುಗಳಲ್ಲಿ ಇರುತ್ತಿರಲಿಲ್ಲ. ಎರಡು ನಿಶ್ಚಲ ಚಿತ್ರಗಳ ನಡುವೆ ನಡೆಯುವುದನ್ನೆಲ್ಲ ಓದುಗನೇ ತುಂಬಿಕೊಳ್ಳಬೇಕಿತ್ತು.

ಭಾರತೀಯ ಕಾವ್ಯಮೀಮಾಂಸೆ ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಂಗಡಿಸುತ್ತದೆ. ವಿಡಿಯೋ ಆಟ ನಿಸ್ಸಂದೇಹವಾಗಿ ದೃಶ್ಯದ ಕುಲಕ್ಕೆ ಸೇರಿದ್ದು. ಪತ್ರಿಕೆ ಅದನ್ನು ಮಾತಾಗಿ ಬದಲಿಸಿ, ಶ್ರವ್ಯದ ಕಡೆಗೆ ತಂದು ನಿಲ್ಲಿಸುತ್ತಿತ್ತು. ಈ ಪರಿವರ್ತನೆಯಲ್ಲಿ ಆಟ ಕೆಲವೊಮ್ಮೆ ತನಗಿಂತ ದೊಡ್ಡದಾಗುತ್ತಿತ್ತು. ಆಲಿವರ್ ಫ್ರೇ ಬರೆದ ಮುಖಪುಟಗಳು ಇದಕ್ಕೆ ಒಳ್ಳೆಯ ನಿದರ್ಶನ. 1978ರ ‘ಸೂಪರ್‌ಮ್ಯಾನ್’ ಚಲನಚಿತ್ರದ ಆರಂಭದಲ್ಲಿ ಕಾಣುವ ಕಾಮಿಕ್ ಪುಟಗಳನ್ನು ಚಿತ್ರಿಸಿದ್ದ ಈ ಕಲಾವಿದ ಉರಿಯುವ ಆಕಾಶ, ಬೆವರಿದ ಮುಖ, ಬಾಯಿ ತೆರೆದ ರಾಕ್ಷಸರನ್ನು ಮುಖಪುಟಕ್ಕೆ ತಂದನು. ಒಳಗಿನ ಆಟದಲ್ಲಿ ಅದೇ ರಾಕ್ಷಸ ಕೆಲವೇ ಚುಕ್ಕೆಗಳ ಒಂದು ಸಣ್ಣ ಆಕಾರ. ಈ ಅಂತರವನ್ನು ಓದುಗ ಮೋಸವೆಂದು ತಿಳಿಯಲಿಲ್ಲ. ಚುಕ್ಕೆಗಳನ್ನು ಹೇಗೆ ನೋಡಬೇಕೆಂಬುದಕ್ಕೆ ಮುಖಪುಟವನ್ನು ಒಂದು ಸೂಚನೆಯಾಗಿ ಸ್ವೀಕರಿಸಿದನು. ‘ಅಲ್ಟಿಮೇಟ್ ಪ್ಲೇ ದಿ ಗೇಮ್’ ಎಂಬ ಸಂಸ್ಥೆ ಇನ್ನೂ ಮುಂದೆ ಹೋಗಿ, ತನ್ನ ಜಾಹೀರಾತುಗಳಲ್ಲಿ ಆಟದ ಪರದೆಯನ್ನೇ ತೋರಿಸುತ್ತಿರಲಿಲ್ಲ. ಒಂದು ವರ್ಣಚಿತ್ರ ಮತ್ತು ಆಟದ ಹೆಸರು ಮಾತ್ರ ಅಲ್ಲಿ ಇರುತ್ತಿದ್ದವು. ಅದರ ಸ್ಥಾಪಕರು ಸಂದರ್ಶನ ಕೊಡುವುದೂ ತೀರ ವಿರಳವಾಗಿತ್ತು. 1984ರಲ್ಲಿ ಆ ಸಂಸ್ಥೆಯ ‘ನೈಟ್ ಲೋರ್’ ಬಂದಾಗ ಅದರ ಆಳವುಳ್ಳ ದೃಶ್ಯರಚನೆ ಬೆರಗು ಹುಟ್ಟಿಸಿದ್ದು ನಿಜ. ಆ ಬೆರಗಿನ ಒಂದು ಪಾಲು ಅದಕ್ಕೂ ಮೊದಲು ಪತ್ರಿಕೆಗಳ ಪುಟಗಳಲ್ಲಿ ಶೇಖರವಾಗಿದ್ದ ನಿರೀಕ್ಷೆಯದು.

ಓದುಗ ಕೇವಲ ಗ್ರಾಹಕನಾಗಿರಲಿಲ್ಲ ಎಂಬುದಕ್ಕೆ ಬೇರೆ ಪುಟಗಳೂ ಸಾಕ್ಷಿ ನುಡಿಯುತ್ತವೆ. ಆರಂಭದ ವರ್ಷಗಳಲ್ಲಿ ಪತ್ರಿಕೆಗಳು ಇಡೀ ಆಟದ ಬೇಸಿಕ್ ಭಾಷೆಯ ಆದೇಶಗಳನ್ನೇ ಅಚ್ಚುಹಾಕುತ್ತಿದ್ದವು. ಅವುಗಳನ್ನು ಸಾಲುಸಾಲಾಗಿ ನೋಡಿ ಗಂಟೆಗಟ್ಟಲೆ ಬೆರಳಚ್ಚು ಮಾಡಿದರೆ ಮಾತ್ರ ಆಟ ಮೂಡುತ್ತಿತ್ತು. ಒಂದು ಅಲ್ಪವಿರಾಮ ತಪ್ಪಿದರೂ ಯಂತ್ರ ಮುಂದೆ ಸಾಗುತ್ತಿರಲಿಲ್ಲ. ತಪ್ಪು ಓದುಗನದೋ ಅಚ್ಚಿನದೋ ಎಂಬುದು ಮುಂದಿನ ತಿಂಗಳ ತಿದ್ದುಪಡಿಯನ್ನು ನೋಡಿದ ಮೇಲೆಯೇ ಖಚಿತವಾಗುತ್ತಿತ್ತು. ಹಸ್ತಪ್ರತಿಯನ್ನು ಪ್ರತಿಮಾಡುವ ಲಿಪಿಕಾರನ ಸಾವಧಾನವನ್ನು ಹೋಲುವ ಈ ಕೆಲಸ ಅನೇಕರಿಗೆ ಗಣಕಭಾಷೆಯ ಮೊದಲ ಪಾಠವಾಯಿತು. ಇನ್ನು ಕೆಲವರು ಆಟದ ಲೋಕಗಳ ನಕ್ಷೆಯನ್ನು ಚೌಕುಳಿ ಹಾಳೆಯ ಮೇಲೆ ಬರೆದು ಕಳುಹಿಸಿದರು. ಪತ್ರಿಕೆ ಅವನ್ನು ಪ್ರಕಟಿಸಿತು. ಆಟವನ್ನೇ ಕೊಳ್ಳದ ಓದುಗನೂ ಆ ನಕ್ಷೆಯ ಮೇಲೆ ಬೆರಳಾಡಿಸುತ್ತ ಕೋಣೆಯಿಂದ ಕೋಣೆಗೆ ನಡೆದುಹೋಗಬಹುದಿತ್ತು.

1985ರಲ್ಲಿ ನ್ಯೂಸ್‌ಫೀಲ್ಡ್ ಸಂಸ್ಥೆಯೇ ಆರಂಭಿಸಿದ ‘ಜ್ಯಾಪ್ 64’ ಪತ್ರಿಕೆ ಇನ್ನೊಂದು ದಾರಿಯನ್ನು ತೆರೆಯಿತು. ‘ಪ್ಯಾರಾಡ್ರಾಯ್ಡ್’ ಎಂಬ ಆಟವನ್ನು ರಚಿಸುತ್ತಿದ್ದ ಆಂಡ್ರ್ಯೂ ಬ್ರೇಬ್ರೂಕ್ ತನ್ನ ಕೆಲಸದ ದಿನಚರಿಯನ್ನು ಅದರಲ್ಲಿ ಧಾರಾವಾಹಿಯಾಗಿ ಪ್ರಕಟಿಸಿದನು. ಎಲ್ಲಿ ತೊಡಕಾಯಿತು, ಯಾವುದನ್ನು ಕಿತ್ತುಹಾಕಿ ಮತ್ತೆ ಬರೆಯಬೇಕಾಯಿತು ಎಂಬ ವಿವರಗಳು ಓದುಗರಿಗೆ ತಿಂಗಳು ತಿಂಗಳೂ ತಲುಪಿದವು. ಕೃತಿ ಮುಗಿಯುವ ಮುನ್ನವೇ ಕೃತಿಕಾರನ ಜೊತೆ ಇರುವ ಈ ಅನುಭವದಿಂದ, ಆಟದ ಹಿಂದೆ ಒಬ್ಬ ಮನುಷ್ಯನಿದ್ದಾನೆಂಬ ಅರಿವು ಮೂಡಿತು. ಆಟವನ್ನು ಕೃತಿಯೆಂದು ನೋಡುವ ವಿಮರ್ಶೆಗೆ ಈ ಅರಿವು ತಳಹದಿ.

ಇವೆಲ್ಲವನ್ನೂ ಕೂಡಿಸುತ್ತಿದ್ದ ಎಳೆ ಕಾಯುವಿಕೆ. ಒಂದು ಸಂಚಿಕೆಗೂ ಇನ್ನೊಂದಕ್ಕೂ ನಡುವೆ ಒಂದು ತಿಂಗಳ ಬಿಡುವು. ಹೊಸದೇನೂ ದೊರಕದ ಆ ದಿನಗಳಲ್ಲಿ ಹಳೆಯ ಸಂಚಿಕೆಯನ್ನೇ ಮತ್ತೆ ಓದಬೇಕು. ಮೊದಲ ಓದಿನಲ್ಲಿ ಇಷ್ಟದ ಆಟದ ವಿಮರ್ಶೆ, ಎರಡನೆಯದರಲ್ಲಿ ಪತ್ರಗಳು, ಮೂರನೆಯದರಲ್ಲಿ ಜಾಹೀರಾತುಗಳ ಸಣ್ಣಕ್ಷರ. ಕೊರತೆ ಓದನ್ನು ಆಳಗೊಳಿಸುವ ಈ ಬಗೆಯನ್ನು ಆದರ್ಶವೆಂದು ಸಾರಬೇಕಾಗಿಲ್ಲ. ಆದರೆ ಆ ತಲೆಮಾರಿನ ನೆನಪಿನಲ್ಲಿ ಪುಟದ ವಿನ್ಯಾಸವೂ ಸೇರಿದಂತೆ ವಾಕ್ಯಗಳು ಅಚ್ಚೊತ್ತಿದಂತೆ ಉಳಿದಿರುವುದಕ್ಕೆ ಕಾರಣ ಇದೇ.

4

ಹಳಹಳಿಕೆ ಯಾವಾಗಲೂ ಆಯ್ದು ನೆನೆಯುತ್ತದೆ. ಆದ್ದರಿಂದ ಈ ಪತ್ರಿಕೆಗಳ ಮಿತಿಗಳನ್ನೂ ಇಲ್ಲಿ ಪರಿಶೀಲಿಸುವುದು ಅವಶ್ಯ. ಮೊದಲನೆಯದು ಅಂಕಗಳ ಪ್ರಶ್ನೆ. ಕೃತಿಯೊಂದರ ಮೌಲ್ಯವನ್ನು ಸಂಖ್ಯೆಯಲ್ಲಿ ಹೇಳುವ ಪದ್ಧತಿಯನ್ನು ಈ ಪತ್ರಿಕೆಗಳು ಬೆಳೆಸಿದವು. ‘ಫಾಮಿಟ್ಸು’ವಿನಲ್ಲಿ ನಾಲ್ವರು ವಿಮರ್ಶಕರು ತಲಾ 10ರಂತೆ ಒಟ್ಟು 40ಕ್ಕೆ ಅಂಕ ಕೊಡುತ್ತಿದ್ದರು, ಪೂರ್ಣ 40 ಅಂಕ ಪಡೆದ ಮೊದಲ ಆಟ 1998ರ ‘ಜೆಲ್ಡಾ: ಒಕರೀನಾ ಆಫ್ ಟೈಮ್’. ಬ್ರಿಟನ್ನಿನ ಪತ್ರಿಕೆಗಳು ಪ್ರತಿಶತದ ಲೆಕ್ಕವನ್ನು ಹಿಡಿದವು. ಆಟ ತಯಾರಿಸುವವರೇ ಜಾಹೀರಾತು ಕೊಡುವವರೂ ಆಗಿದ್ದ ವ್ಯವಸ್ಥೆಯಲ್ಲಿ ಅಂಕಗಳು ಮೇಲಕ್ಕೆ ಸರಿಯುವುದು ಅನಿವಾರ್ಯವಾಗಿತ್ತು. ಎಪ್ಪತ್ತು ಪ್ರತಿಶತ ಪಡೆದದ್ದೇ ಕಳಪೆಯೆಂಬ ಗ್ರಹಿಕೆ ಬೆಳೆದಾಗ, 1991ರಿಂದ 1996ರವರೆಗೆ ನಡೆದ ‘ಅಮಿಗಾ ಪವರ್’ ಪತ್ರಿಕೆ 50 ಎಂದರೆ ಸಾಧಾರಣವೆಂದೇ ಅರ್ಥ ಎಂಬ ನಿಲುವನ್ನು ಹಟದಿಂದ ಪಾಲಿಸಿತು. ಅದಕ್ಕಾಗಿ ಪ್ರಕಾಶಕರ ಅಸಮಾಧಾನವನ್ನೂ ಎದುರಿಸಿತು. 1993ರಲ್ಲಿ ಆರಂಭವಾದ ‘ಎಡ್ಜ್’ ವಿಮರ್ಶಕನ ಹೆಸರನ್ನೇ ಅಚ್ಚುಹಾಕದೆ, ಪತ್ರಿಕೆಯೇ ಮಾತನಾಡುತ್ತಿದೆ ಎಂಬ ಗಾಂಭೀರ್ಯವನ್ನು ರೂಢಿಸಿತು. ಸ್ವಾತಂತ್ರ್ಯದ ಈ ಭಿನ್ನ ಪ್ರಯತ್ನಗಳು, ಅದು ಸುಲಭವಾಗಿ ದಕ್ಕುವಂಥದಾಗಿರಲಿಲ್ಲ ಎಂಬುದನ್ನೇ ಸೂಚಿಸುತ್ತವೆ.

ಅಮೆರಿಕದ ‘ನಿಂಟೆಂಡೊ ಪವರ್’ ಈ ಸಮಸ್ಯೆಯ ಇನ್ನೊಂದು ಮುಖ. 1988ರ ಜುಲೈ–ಆಗಸ್ಟ್ ಸಂಚಿಕೆಯೊಂದಿಗೆ ಆರಂಭವಾದ ಇದನ್ನು ಪ್ರಕಟಿಸಿದ್ದು ಆಟಗಳನ್ನು ಮಾರುತ್ತಿದ್ದ ಸಂಸ್ಥೆಯೇ. ಅದರ ನಕ್ಷೆಗಳೂ ಸಲಹೆಗಳೂ ಲಕ್ಷಾಂತರ ಮಕ್ಕಳಿಗೆ ಪ್ರಿಯವಾಗಿದ್ದವು. ಆದರೆ ಇಡೀ ಪತ್ರಿಕೆಯೇ ಒಂದು ಸುದೀರ್ಘ ಜಾಹೀರಾತಾಗಿತ್ತು ಎಂಬ ಮಾತನ್ನು ಅಲ್ಲಗಳೆಯುವಂತಿಲ್ಲ. ಆ ಮಕ್ಕಳು ಇಂದು ಅದನ್ನು ಪ್ರೀತಿಯಿಂದ ನೆನೆಯುತ್ತಾರೆ ಎಂಬುದೂ ಅಷ್ಟೇ ನಿಜ. ಇದಲ್ಲದೆ ಈ ಪತ್ರಿಕೆಗಳು ತಮ್ಮ ಓದುಗನನ್ನು ಹುಡುಗನೆಂದೇ ಕಲ್ಪಿಸಿಕೊಂಡಿದ್ದವು. ‘ಎಲೆಕ್ಟ್ರಾನಿಕ್ ಗೇಮ್ಸ್’ನ ಸ್ಥಾಪಕರಲ್ಲಿ ಒಬ್ಬರು ಜಾಯ್ಸ್ ವೋರ್ಲಿ, ‘ನಿಂಟೆಂಡೊ ಪವರ್’ನ ಮೊದಲ ಸಂಪಾದಕಿ ಗೇಲ್ ಟಿಲ್ಡನ್, ‘ಯುವರ್ ಸಿಂಕ್ಲೇರ್’ ಪತ್ರಿಕೆಯ ಸಂಪಾದಕತ್ವವನ್ನು ತೆರೇಸಾ ಮಾನ್ ವಹಿಸಿದ್ದರು. ಮಹಿಳೆಯರು ಕಟ್ಟಿದ ಪುಟಗಳಲ್ಲಿಯೂ ಹುಡುಗಿಯರನ್ನು ಉದ್ದೇಶಿಸಿದ ಮಾತು ವಿರಳವಾಗಿತ್ತು. ಎಲ್ಲರ ಬಾಲ್ಯವೆಂದು ಹೇಳಲಾಗುವ ಹಳಹಳಿಕೆಯಲ್ಲಿ ಯಾರು ಒಳಗಿದ್ದರು, ಯಾರು ಹೊರಗಿದ್ದರು ಎಂಬ ಪ್ರಶ್ನೆ ಹೀಗಾಗಿ ಉಳಿದೇ ಇರುತ್ತದೆ.

ಪತ್ರಿಕೆಯ ಮಾತಿಗೆ ಇದ್ದ ಅಧಿಕಾರವನ್ನು ಅಳೆಯಲು 1992ರ ಏಪ್ರಿಲ್‌ನ ಒಂದು ಪ್ರಸಂಗ ಸಾಕು. ‘ಸ್ಟ್ರೀಟ್ ಫೈಟರ್ 2’ ಆಟದಲ್ಲಿ ರ್ಯೂ ಎಂಬ ಕಾದಾಳು ಗೆದ್ದಾಗ ಆಡುವ ಮಾತೊಂದರಲ್ಲಿ ‘ಮೇಲೇರುವ ಡ್ರಾಗನ್’ ಎಂಬ ಅರ್ಥದ ಒಂದು ಹೊಡೆತದ ಹೆಸರಿತ್ತು. ಜಪಾನಿ ಬರಹದ ಆ ಅಕ್ಷರಗಳನ್ನು ಇಂಗ್ಲಿಷಿಗೆ ತಂದವರು ಚೀನೀ ಉಚ್ಚಾರಣೆಯಲ್ಲಿ ಓದಿ ‘ಶೆಂಗ್ ಲಾಂಗ್’ ಎಂದು ಬರೆದರು. ಅದು ವ್ಯಕ್ತಿಯೊಬ್ಬನ ಹೆಸರೆಂದು ಆಟಗಾರರು ತಿಳಿದರು. ‘ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ’ ಪತ್ರಿಕೆ ಏಪ್ರಿಲ್ ಮೂರ್ಖರ ದಿನದ ತಮಾಷೆಯಾಗಿ, ಆ ಗುಪ್ತ ಪಾತ್ರವನ್ನು ಎದುರಿಸುವ ವಿಧಾನವನ್ನೇ ಪ್ರಕಟಿಸಿತು. ಅಸಾಧ್ಯವೆನಿಸುವಷ್ಟು ಕಠಿಣವಾದ ಆ ವಿಧಾನವನ್ನು ಅನುಸರಿಸಿ ಅಸಂಖ್ಯ ಹುಡುಗರು ನಾಣ್ಯಗಳನ್ನು ಸುರಿದರು. ಯಾರಿಗೂ ಅವನು ಕಾಣಲಿಲ್ಲ. ಆದರೂ ತಮ್ಮ ಕೌಶಲ ಸಾಲದೆಂದುಕೊಂಡರೇ ಹೊರತು ಪತ್ರಿಕೆ ಸುಳ್ಳು ಹೇಳಿತೆಂದು ಎಣಿಸಲಿಲ್ಲ. ಅನುವಾದದ ದೋಷವೊಂದರಿಂದ ಹುಟ್ಟಿ, ಮುದ್ರಣದ ಬಲದಿಂದ ಬೆಳೆದ ಈ ಪಾತ್ರ, ಆಡದ ಆಟವೂ ನೆನಪಿನಲ್ಲಿ ನಿಜವಾಗಬಲ್ಲದು ಎಂಬುದಕ್ಕೆ ಉದಾಹರಣೆ. 1994ರಲ್ಲಿ ಅದೇ ಸರಣಿಯಲ್ಲಿ ಅಕುಮಾ ಎಂಬ ಗುಪ್ತ ಎದುರಾಳಿ ಕಾಣಿಸಿಕೊಂಡಾಗ, ಅವನಲ್ಲಿ ಆ ಹುಸಿ ಸುದ್ದಿಯ ನೆರಳನ್ನು ಅಭಿಮಾನಿಗಳು ಗುರುತಿಸಿದರು.

5

ಈ ಪತ್ರಿಕೆಗಳ ಉತ್ಕರ್ಷ 1990ರ ದಶಕದ ಕೊನೆಯವರೆಗೂ ಮುಂದುವರಿಯಿತು. ಬ್ರಿಟನ್ನಿನ ‘ಅಫಿಷಿಯಲ್ ಪ್ಲೇಸ್ಟೇಷನ್ ಮ್ಯಾಗಜಿನ್’ನ ಪ್ರಸಾರ ದಶಕದ ಅಂತ್ಯದಲ್ಲಿ 4 ಲಕ್ಷವನ್ನು ಮೀರಿತ್ತು. ಆದರೆ ಅದನ್ನು ಕೊಳ್ಳುವವರಲ್ಲಿ ಅನೇಕರಿಗೆ ಬೇಕಾಗಿದ್ದದ್ದು ಮುಖಪುಟಕ್ಕೆ ಅಂಟಿಸಿದ ಸಿ.ಡಿ.; ಅದರಲ್ಲಿ ಹೊಸ ಆಟಗಳ ಒಂದೊಂದು ತುಣುಕು ಆಡಲು ದೊರಕುತ್ತಿತ್ತು. ಕ್ಯಾಸೆಟ್ಟಿನ ಕಾಲದಿಂದಲೇ ಆರಂಭವಾಗಿದ್ದ ಈ ಉಡುಗೊರೆಯ ಪದ್ಧತಿ, ಓದಿನ ಮೂಲಕ ಆಡುತ್ತಿದ್ದವನ ಕೈಗೆ ಆಟವನ್ನೇ ಇಟ್ಟಿತು. ಅದು ಸಂತೋಷದ ಸಂಗತಿಯೇ. ಆದರೆ ವರ್ಣನೆಯ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಪತ್ರಿಕೋದ್ಯಮದ ಈ ಕವಲಿಗೆ ಭಾರತದೊಂದಿಗೂ ಸಣ್ಣ ನಂಟುಗಳಿವೆ. 1985ರಲ್ಲಿ ‘ಆಮ್‌ಸ್ಟ್ರಾಡ್ ಆ್ಯಕ್ಷನ್’ ಎಂಬ ಪತ್ರಿಕೆಯೊಂದಿಗೆ ಫ್ಯೂಚರ್ ಪಬ್ಲಿಷಿಂಗ್ ಸಂಸ್ಥೆಯನ್ನು ಸ್ಥಾಪಿಸಿ, ‘ಎಡ್ಜ್’ ಮೊದಲಾದವುಗಳಿಗೆ ನೆಲೆ ಒದಗಿಸಿದ ಕ್ರಿಸ್ ಆಂಡರ್ಸನ್, ಮಿಶನರಿ ವೈದ್ಯರೊಬ್ಬರ ಮಗನಾಗಿ ಪಾಕಿಸ್ತಾನದಲ್ಲಿ ಹುಟ್ಟಿ, ಮಸ್ಸೂರಿಯ ವುಡ್‌ಸ್ಟಾಕ್ ಶಾಲೆಯಲ್ಲಿ ಓದಿದವರು. ಮುಂದೆ ಅವರು ‘ಟೆಡ್’ ಉಪನ್ಯಾಸ ಮಾಲಿಕೆಯ ಮೂಲಕ ಹೆಸರಾದರು. ಭಾರತದಲ್ಲಿ ಇಂಗ್ಲಿಷಿನ ‘ಡಿಜಿಟ್’ ಪತ್ರಿಕೆ ಮತ್ತು ಅದರ ಬಳಗದಿಂದ ಬಂದ ‘ಸ್ಕೋರ್’ ಎಂಬ ಆಟಗಳ ಪತ್ರಿಕೆ 2000ದ ದಶಕದಲ್ಲಿ ಓದುಗರನ್ನು ಗಳಿಸಿದವು. ಅಂತರಜಾಲದ ವೇಗ ಅತ್ಯಲ್ಪವಾಗಿದ್ದ ಆ ವರ್ಷಗಳಲ್ಲಿ, ಕರ್ನಾಟಕದ ನಗರಗಳ ಓದುಗನಿಗೂ ಪತ್ರಿಕೆಯೊಂದಿಗೆ ಬರುತ್ತಿದ್ದ ಸಿ.ಡಿ. ಹೊರಗಿನ ಲೋಕದ ಕಿಟಕಿಯಾಗಿತ್ತು. ಪಶ್ಚಿಮದಲ್ಲಿ ಮುಗಿಯುತ್ತಿದ್ದ ಅಧ್ಯಾಯ ಇಲ್ಲಿ ತಡವಾಗಿ, ಮೊಟಕಾಗಿ ನಡೆಯಿತು.

ಅವನತಿಯ ಕಾರಣಗಳು ಸ್ಪಷ್ಟ. ಬರೆದದ್ದು ಅಚ್ಚಾಗಿ ಅಂಗಡಿಗೆ ಬರಲು ವಾರಗಳೇ ಬೇಕು. ಅಂತರಜಾಲದಲ್ಲಿ ಸುದ್ದಿ ನಿಮಿಷಗಳಲ್ಲಿ ಹರಡುತ್ತದೆ. ಆಟದ ಚಲನೆಯನ್ನು ಓದುಗ ಊಹಿಸಬೇಕಾಗಿಲ್ಲ. ಚಲಿಸುವ ಚಿತ್ರವೇ ಕಣ್ಣ ಮುಂದಿರುತ್ತದೆ. ಜಾಹೀರಾತುಗಳೂ ಅತ್ತ ಸರಿದವು. 2004ರಲ್ಲಿ ‘ಕಂಪ್ಯೂಟರ್ ಅಂಡ್ ವಿಡಿಯೋ ಗೇಮ್ಸ್’ನ ಮುದ್ರಣ ನಿಂತಿತು. 2009ರ ಜನವರಿಯಲ್ಲಿ ‘ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ’ ನಿಂತು, ಮರುವರ್ಷ ಸ್ಥಾಪಕನ ಕೈಯಲ್ಲಿ ಮರುಹುಟ್ಟು ಪಡೆಯಿತಾದರೂ ಹಳೆಯ ಸ್ಥಾನವನ್ನು ಮರಳಿ ಗಳಿಸಲಿಲ್ಲ. ‘ಗೇಮ್‌ಪ್ರೋ’ 2011ರಲ್ಲಿ ಕೊನೆಗೊಂಡಿತು. ‘ನಿಂಟೆಂಡೊ ಪವರ್’ 2012ರ ಡಿಸೆಂಬರ್‌ನ 285ನೆಯ ಸಂಚಿಕೆಯೊಂದಿಗೆ ಮುಕ್ತಾಯವಾಯಿತು. ಮೊದಲ ಸಂಚಿಕೆಯ ಮುಖಪುಟದಲ್ಲಿ ಜೇಡಿಮಣ್ಣಿನ ಮಾರಿಯೋ ಇದ್ದಂತೆ ಕೊನೆಯದರಲ್ಲಿಯೂ ಜೇಡಿಮಣ್ಣಿನ ಮಾರಿಯೋನನ್ನೇ ನಿಲ್ಲಿಸಿ ಸಂಪಾದಕರು ಬೀಳ್ಕೊಂಡರು.

6

ಇಷ್ಟಾದ ಮೇಲೆ ಈ ಹಳಹಳಿಕೆಗೆ ವೈಯಕ್ತಿಕ ಸಮಾಧಾನದ ಆಚೆಗೆ ಏನಾದರೂ ಬೆಲೆಯಿದೆಯೇ ಎಂದು ಕೇಳಬಹುದು. ಉತ್ತರ 2024ರ ಆಗಸ್ಟ್ 2ರಂದು ಅನಿರೀಕ್ಷಿತವಾಗಿ ದೊರೆಯಿತು. 1991ರಿಂದ 33 ವರ್ಷ ನಡೆದಿದ್ದ ಅಮೆರಿಕದ ‘ಗೇಮ್ ಇನ್‌ಫಾರ್ಮರ್’ ಪತ್ರಿಕೆಯನ್ನು ಅದರ ಒಡೆಯ ಸಂಸ್ಥೆ ಅಂದು ಮುಚ್ಚಿತು. ಅದರ ಜಾಲತಾಣದಲ್ಲಿದ್ದ ದಶಕಗಳ ಬರಹವೆಲ್ಲ ಅದೇ ದಿನ ಕಣ್ಮರೆಯಾಗಿ, ಆ ಸ್ಥಳದಲ್ಲಿ ಒಂದು ವಿದಾಯದ ಒಕ್ಕಣೆ ಮಾತ್ರ ಉಳಿಯಿತು. ಬರೆದವರಿಗೂ ತಮ್ಮ ಬರಹ ತಾಣದಲ್ಲಿ ಸಿಗದಾಯಿತು. ಅದೇ ಪತ್ರಿಕೆಯ ಮುದ್ರಿತ ಸಂಚಿಕೆಗಳು ಮಾತ್ರ ಓದುಗರ ಮನೆಗಳ ಕಪಾಟುಗಳಲ್ಲಿ ಇದ್ದಲ್ಲೇ ಇದ್ದವು. 2025ರ ಮಾರ್ಚ್‌ನಲ್ಲಿ ಬೇರೊಂದು ಸಂಸ್ಥೆಯ ಆಶ್ರಯದಲ್ಲಿ ಪತ್ರಿಕೆ ಮರಳಿ ಬಂದಿತು, ಹಳೆಯ ಬರಹಗಳೂ ಮರಳಿದವು ಎಂಬುದು ನೆಮ್ಮದಿಯ ಸಂಗತಿ. ಆದರೆ ಒಂದು ಆಡಳಿತ ನಿರ್ಧಾರದಿಂದ ಒಂದೇ ದಿನದಲ್ಲಿ ಇಲ್ಲವಾಗಬಲ್ಲದ್ದು ಯಾವುದು, ಆಗದ್ದು ಯಾವುದು ಎಂಬುದನ್ನು ಆ ಏಳು ತಿಂಗಳು ತೋರಿಸಿಕೊಟ್ಟವು.

ಆಟಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. 2017ರಲ್ಲಿ ಫ್ರ್ಯಾಂಕ್ ಸಿಫಾಲ್ಡಿ ಸ್ಥಾಪಿಸಿದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ 87 ಪ್ರತಿಶತದಷ್ಟು ಮಾರುಕಟ್ಟೆಯಲ್ಲಿ ಲಭ್ಯವಿರಲಿಲ್ಲ. ಪ್ರಸಿದ್ಧವಾದವು ಉಳಿದಿವೆ, ಸಾಧಾರಣವಾದವು, ವಿಫಲವಾದವು, ಯಾರೂ ನೆನೆಯದವು ಹಿಂದೆ ಸರಿದಿವೆ. ಅವು ಬಂದ ದಿನ ಹೇಗೆ ಕಂಡವು, ಯಾವ ಬೆಲೆಗೆ ಮಾರಾಟವಾದವು, ಸಮಕಾಲೀನರು ಏನೆಂದರು ಎಂಬುದಕ್ಕೆ ಪತ್ರಿಕೆಯ ಪುಟವೇ ಆಕರ. ಹೊರಬಾರದೆಯೇ ಹೋದ ಆಟಗಳಿಗೂ ಅದೇ ಗತಿ. ‘ಸ್ಟಾರ್ ಫಾಕ್ಸ್ 2’ ಸಿದ್ಧವಾಗಿದ್ದರೂ 1995ರಲ್ಲಿ ಅದರ ಬಿಡುಗಡೆಯನ್ನು ಕೈಬಿಡಲಾಯಿತು. ಅಧಿಕೃತವಾಗಿ ಅದು ಹೊರಬಂದದ್ದು 2017ರಲ್ಲಿ. ನಡುವಿನ 22 ವರ್ಷ ಪತ್ರಿಕೆಗಳ ಮುನ್ನೋಟದ ಪುಟಗಳಲ್ಲಿ ಅದು ಬಹುಪಾಲು ಜನರ ಪಾಲಿಗೆ ಆಡದ ಆಟವಾಗಿ ಬಾಳಿತು.

ಈ ಆಕರಗಳನ್ನು ಮೊದಲಿಗೆ ಉಳಿಸಿದವರು ಗ್ರಂಥಪಾಲಕರಲ್ಲ. ಮಕ್ಕಳ ಮನರಂಜನೆಯ ಕಾಗದವೆಂದು ಕಡೆಗಣಿಸಲಾಗಿದ್ದ ಈ ಪತ್ರಿಕೆಗಳ ಪೂರ್ಣ ಸರಣಿಯನ್ನು ಕಾಪಿಡುವ ಕಾಳಜಿ ಸಂಸ್ಥೆಗಳಲ್ಲಿ ಬಹುಕಾಲ ಕ್ಷೀಣವಾಗಿತ್ತು. ಹಳೆಯ ಓದುಗರೇ ತಮ್ಮ ಸಂಗ್ರಹವನ್ನು ಬಿಚ್ಚಿ, ಪುಟಪುಟವನ್ನೂ ಪ್ರತಿಬಿಂಬಿಸಿ ಸಾರ್ವಜನಿಕಗೊಳಿಸಿದರು. ಎಂದೋ ಮುಳುಗಿದ ಪ್ರಕಾಶನಗಳ ಹಕ್ಕುಸ್ವಾಮ್ಯ ಯಾರದೆಂಬುದು ಅನೇಕ ಕಡೆ ಅಸ್ಪಷ್ಟವಾಗಿರುವುದರಿಂದ ಈ ಕೆಲಸ ಇಂದಿಗೂ ಪೂರ್ತಿ ನಿರಾತಂಕವಾಗಿಲ್ಲ. 2025ರ ಜನವರಿಯಲ್ಲಿ ಮೇಲೆ ಹೇಳಿದ ಫೌಂಡೇಷನ್ ತನ್ನ ಡಿಜಿಟಲ್ ಗ್ರಂಥಾಲಯವನ್ನು ತೆರೆದಾಗ, ಮುದ್ರಣ ನಿಂತ ಪತ್ರಿಕೆಗಳ 1500ಕ್ಕೂ ಹೆಚ್ಚು ಸಂಚಿಕೆಗಳು ಪದಪದವಾಗಿ ಹುಡುಕಬಲ್ಲ ರೂಪದಲ್ಲಿ ದೊರಕಿದವು. ಹುಡುಗರ ಹವ್ಯಾಸವೆನಿಸಿದ್ದು ಸಂಶೋಧಕನ ಆಕರವಾಯಿತು.

ಆಲಿವರ್ ಫ್ರೇ 2022ರಲ್ಲಿಯೂ ರೋಜರ್ ಕೀನ್ 2023ರಲ್ಲಿಯೂ ತೀರಿಕೊಂಡರು. ಅವರ ನ್ಯೂಸ್‌ಫೀಲ್ಡ್ 1991ರಲ್ಲಿಯೇ ಮುಳುಗಿತ್ತು. ಅವರ ಮೊದಲ ಓದುಗರೂ ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ. ಮುಂದಿನ ದಶಕಗಳಲ್ಲಿ, ಈ ಪತ್ರಿಕೆಗಳನ್ನು ಕಾದು ಓದಿದ ನೆನಪುಳ್ಳ ಯಾರೂ ಇರದ ದಿನ ಬರುತ್ತದೆ. ಆಗ ಪುಟಗಳು ಉಳಿದಿದ್ದರೂ ಅವುಗಳನ್ನು ಪ್ರೀತಿಯಿಂದ ತೆರೆಯುವವರು ಇರುವುದಿಲ್ಲ; ಕುತೂಹಲದಿಂದ ತೆರೆಯುವವರು ಇರಬಹುದು. ಹಳಹಳಿಕೆ ಒಂದು ತಲೆಮಾರಿನೊಂದಿಗೆ ಮುಗಿಯುವ ಭಾವ. ತಾನು ಮುಗಿಯುವ ಮೊದಲು ಅದು ರದ್ದಿಯಾಗಬೇಕಿದ್ದ ಕಾಗದವನ್ನು ಮುಂದಿನವರ ಕೈಗೆ ದಾಟಿಸಿದರೆ, ಅದರ ಬಗ್ಗೆ ಹಗುರವಾಗಿ ಮಾತನಾಡುವುದು ಕಷ್ಟ. ಹಳೆಯ ಪತ್ರಿಕೆಗಳ ಕಟ್ಟನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಬೇಕೆಂಬ ಎಚ್ಚರ, ಯಾವುದೇ ಭಾಷೆಯ ಯಾವುದೇ ಪತ್ರಿಕೆಗೂ ಅನ್ವಯಿಸುವಂಥದು.